ಬಾರದವರ ಲೆಕ್ಕ: ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಪದವಿ



ವೈದ್ಯವನ್ನೋ ಶುಶ್ರೂಷೆಯನ್ನೋ ಸಮಾಜಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಅಭ್ಯಾಸಮಾಡಿ ಸ್ನಾತಕೋತ್ತರ ಪದವಿಯನ್ನು ಪಡೆದಿರತಕ್ಕ ತರುಣ ತರುಣಿಯರು, ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ವ್ಯಾಸಂಗ ಮಾಡಬೇಕೆಂಬ ಅಭಿಲಾಷೆಯಿಂದ ನಮ್ಮಂಥ ಅಧ್ಯಾಪಕರ ಬಳಿಗೆ ಬಂದಾಗ ಮೊತ್ತಮೊದಲು ಕೇಳುವ ಪ್ರಶ್ನೆ, ಆ ಪದವಿಗೆ ಏನೇನು ಪೂರೈಸಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಎಂಬುದು. ಪ್ರಶ್ನೆ ನ್ಯಾಯವಾದದ್ದೆ. ಸಂಸಾರದ ಹೊರೆಯನ್ನು ಹೊತ್ತವರು, ಸರ್ಕಾರದ ಕೆಲಸದಲ್ಲಿರುವವರು, ಹಳ್ಳಿಯ ಆಸ್ಪತ್ರೆಯಿಂದ ರಜೆ ಪಡೆದು ಬರುವ ವೈದ್ಯಾಧಿಕಾರಿಗಳು ತಮ್ಮ ಆಯುಸ್ಸಿನ ನಾಲ್ಕೈದು ವರ್ಷಗಳನ್ನು ಒಂದು ಕಾರ್ಯಕ್ಕೆ ಮೀಸಲಿಡುವ ಮೊದಲು ಅದರ ಉದ್ದಗಲಗಳನ್ನು ತಿಳಿಯಬಯಸುವುದು ಸಹಜ. ಈ ಹೊತ್ತಿನ ಭಾಷಣದಲ್ಲಿ ಆ ನಿಯಮಗಳನ್ನು ಹೇಳುತ್ತೇನೆ. ಅದರೊಡನೆ, ಆ ನಿಯಮಗಳೆಲ್ಲವೂ ಯಾವ ಒಂದು ಶಿಸ್ತನ್ನು ಕಲಿಸುವುದಕ್ಕಾಗಿ ಇವೆಯೆಂದು ನಾನು ನಂಬಿದ್ದೇನೋ ಅದನ್ನೂ ತಮ್ಮ ಮುಂದಿಡುತ್ತೇನೆ.

ಚಿಕಿತ್ಸಕನಾದ ವೈದ್ಯನ ಕರ್ತವ್ಯ ಅವನ ಬಾಗಿಲಿಗೆ ಬಂದ ರೋಗಿಯಿಂದ ಆರಂಭವಾಗುತ್ತದೆ. ನಾಡಿಯನ್ನು ಹಿಡಿದು ನೋಡಲು ಒಂದು ಕೈ ಅವನ ಮುಂದೆ ಚಾಚಿರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ರೋಗಿಯೇ ಎದುರಿಗೆ ಕುಳಿತಿರುತ್ತಾನೆ. ಸಾರ್ವಜನಿಕ ಆರೋಗ್ಯದ ಅಭ್ಯಾಸಿಗೆ ಆ ಸೌಲಭ್ಯವಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಹೆಸರು ಬರೆಯಿಸಿದವರೊಡನೆ, ಬಸ್ಸಿನ ಚಾರ್ಜಿಗೆ ಕಾಸಿಲ್ಲದೆ ಊರಿನಲ್ಲೇ ಉಳಿದವರನ್ನೂ, ದಿನದ ಕೂಲಿ ತಪ್ಪೀತೆಂದು ಬಾರದವರನ್ನೂ, ತಮಗೆ ರೋಗವಿದೆಯೆಂದೇ ಅರಿಯದೆ ಸುಮ್ಮನಿದ್ದವರನ್ನೂ, ಬರುವ ಮೊದಲೇ ತೀರಿಕೊಂಡವರನ್ನೂ ಅವನು ಒಂದೇ ಪಟ್ಟಿಯಲ್ಲಿ ಎಣಿಸಬೇಕು. ಬಂದವರನ್ನು ಮಾತ್ರ ನೋಡಿ ಊರಿನ ಆರೋಗ್ಯವನ್ನು ನಿರ್ಣಯಿಸಿದವನ ಲೆಕ್ಕ ಎಷ್ಟೇ ಅಂದವಾಗಿದ್ದರೂ ತಪ್ಪು ಲೆಕ್ಕವೇ. ಡಾಕ್ಟರೇಟ್ ಪದವಿಯ ವಿಧಿಗಳು ಹೊರಗಿನಿಂದ ನೋಡಿದವರಿಗೆ ಕಚೇರಿಯ ಕಟ್ಟಳೆಗಳಂತೆ ಕಂಡರೂ, ಈ ಬಾರದವರ ಲೆಕ್ಕವನ್ನು ಕಲಿಸುವುದೇ ಅವುಗಳ ಅಂತರಂಗದ ಉದ್ದೇಶವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿದ್ಯೆಗೆ ತನ್ನದೇ ಆದ ಮನೆಯೊಂದು ದೊರೆತದ್ದು ಬಹಳ ಹಿಂದೇನೂ ಅಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ದ್ರವ್ಯಸಹಾಯದಿಂದ 1916ರಲ್ಲಿ ಸ್ಥಾಪಿತವಾಗಿ 1918ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದ ವಿದ್ಯಾಲಯಕ್ಕೆ ರೋಗಶಾಸ್ತ್ರದ ಪ್ರಸಿದ್ಧ ಆಚಾರ್ಯರಾದ ವಿಲಿಯಂ ಹೆನ್ರಿ ವೆಲ್ಚ್ ಅವರು ಮೊದಲ ಮುಖ್ಯಸ್ಥರಾದರು. ಅದೇ ಪ್ರತಿಷ್ಠಾನದ ನೆರವಿನಿಂದ 1932ರಲ್ಲಿ ಕಲ್ಕತ್ತೆಯಲ್ಲಿ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಹೈಜೀನ್ ಅಂಡ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆ ತಲೆಯೆತ್ತಿತು. ಪುಸ್ತಕದ ವಿದ್ಯೆ ಸಾಲದೆಂದು ಅದು ಹೂಗ್ಲಿ ಜಿಲ್ಲೆಯ ಸಿಂಗೂರಿನ ಹಳ್ಳಿಗಳನ್ನು ತನ್ನ ಪ್ರಯೋಗಕ್ಷೇತ್ರವನ್ನಾಗಿ ಮಾಡಿಕೊಂಡಿತು. ಅಮೆರಿಕದಲ್ಲಿ ಈ ಶಾಸ್ತ್ರದ ಡಾಕ್ಟರೇಟ್ ಎರಡು ಬಗೆಯಾಗಿದೆ. ಆರೋಗ್ಯ ಇಲಾಖೆಗಳನ್ನು ನಡೆಸುವವರಿಗಾಗಿ ಡಾಕ್ಟರ್ ಆಫ್ ಪಬ್ಲಿಕ್ ಹೆಲ್ತ್ ಎಂಬುದು ಒಂದು. ಹೊಸ ಜ್ಞಾನವನ್ನು ಶೋಧಿಸುವವರಿಗಾಗಿ ಪಿಎಚ್.ಡಿ. ಎಂಬುದು ಇನ್ನೊಂದು. ಅಲ್ಲಿ ಸಾಮಾನ್ಯವಾಗಿ ಒಂದೆರಡು ವರ್ಷ ಕಠಿನವಾದ ಪಾಠಗಳನ್ನು ಓದಿ, ಸಮಗ್ರ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾದ ಮೇಲೆಯೇ ಪ್ರಬಂಧಕ್ಕೆ ಕೈಹಾಕುವ ಅಧಿಕಾರ ಬರುತ್ತದೆ. ನಮ್ಮಲ್ಲಿ ರೂಢಿಯಾಗಿರುವುದು ಎರಡನೆಯ ಬಗೆ, ಮತ್ತು ನಮ್ಮಲ್ಲಿ ಪಾಠದ ಭಾಗ ಕಿರಿದು, ಪ್ರಬಂಧದ ಭಾಗ ಹಿರಿದು.

ಈಗ ನಮ್ಮ ದೇಶದ ನಿಯಮಗಳು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯೇ ಇವುಗಳಿಗೆ ತಳಹದಿ. ಆಯಾ ವಿಶ್ವವಿದ್ಯಾನಿಲಯ ತನ್ನ ಕೆಲವು ವಿಧಿಗಳನ್ನು ಇದಕ್ಕೆ ಸೇರಿಸಿಕೊಳ್ಳುವುದುಂಟು. ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳು, ಹಿಂದುಳಿದ ವರ್ಗಗಳು, ಅಂಗವಿಕಲರು, ಆರ್ಥಿಕವಾಗಿ ದುರ್ಬಲರಾದವರು, ಇವರಿಗೆ ಐದು ಅಂಕಗಳ ವಿನಾಯಿತಿ ಉಂಟು. ಪ್ರವೇಶ ಪರೀಕ್ಷೆಯನ್ನೂ ಸಂದರ್ಶನವನ್ನೂ ದಾಟಿ ಬಂದವರು ಕನಿಷ್ಠಪಕ್ಷ ಮೂರು ವರ್ಷ ಅಭ್ಯಾಸಮಾಡತಕ್ಕದ್ದು, ಆರು ವರ್ಷಗಳೊಳಗೆ ಮುಗಿಸತಕ್ಕದ್ದು. ಮರುನೋಂದಣಿಯಿಂದ ಇನ್ನೆರಡು ವರ್ಷ ದೊರೆಯಬಹುದು, ಸ್ತ್ರೀಯರಿಗೂ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆರಡು. ಹೆರಿಗೆಗೂ ಶಿಶುಪಾಲನೆಗೂ 240 ದಿನಗಳವರೆಗೆ ರಜೆ ಇದೆ. ತಮ್ಮ ಕಚೇರಿಯ ಅನುಮತಿಪತ್ರ ತಂದವರು ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕರಾಗಿ ಓದಬಹುದು. ತಾಲ್ಲೂಕು ಆರೋಗ್ಯಾಧಿಕಾರಿಗಳೂ ಶುಶ್ರೂಷಾ ಕಾಲೇಜಿನ ಅಧ್ಯಾಪಿಕೆಯರೂ ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಬಿನ್ನಹ. ಏಕೆಂದರೆ ಜನರ ನಡುವೆ ಕೆಲಸಮಾಡಿ ಬಂದವರಲ್ಲಿ ಹುಟ್ಟುವ ಪ್ರಶ್ನೆಗಳಿಗೆ ಇರುವ ತೂಕ, ಗ್ರಂಥಾಲಯದಲ್ಲಿ ಕುಳಿತು ಹುಡುಕಿದ ಪ್ರಶ್ನೆಗಳಿಗೆ ಬರುವುದು ಅಪರೂಪ.

ನೋಂದಣಿಯಾದ ಮೇಲೆ ಮೊದಲ ಕೆಲಸ, ವಿದ್ಯಾರ್ಥಿಗಳೆಲ್ಲರೂ ಕೋರ್ಸ್‌ವರ್ಕ್ ಎಂದೇ ಕರೆಯುವ ಪಾಠಗಳು. ಕನಿಷ್ಠ 12 ಕ್ರೆಡಿಟ್ಟುಗಳಷ್ಟು ಪಾಠವನ್ನು ಓದಿ ಅದರಲ್ಲಿಯೂ ನೂರಕ್ಕೆ 55 ಪಡೆಯಬೇಕು. ಸಂಶೋಧನೆಯ ಮತ್ತು ಪ್ರಕಟಣೆಯ ನೀತಿಯನ್ನು ಕುರಿತ ಪಾಠ ಎಲ್ಲ ವಿಷಯದವರಿಗೂ ಕಡ್ಡಾಯ. ನಮ್ಮ ವಿಷಯದವರು ಇದರೊಡನೆ ಎಪಿಡೆಮಿಯಾಲಜಿಯನ್ನು, ಎಂದರೆ ಒಂದು ಜನಸಮುದಾಯದಲ್ಲಿ ರೋಗ ಯಾರಿಗೆ, ಎಲ್ಲಿ, ಯಾವಾಗ, ಏಕೆ ಬರುತ್ತದೆಂಬುದನ್ನು ವಿಚಾರಿಸುವ ಶಾಸ್ತ್ರವನ್ನು ಕಲಿಯಬೇಕು, ಸಂಖ್ಯಾಶಾಸ್ತ್ರವನ್ನು ಕಲಿಯಬೇಕು. ಈ ಎರಡನೆಯದರ ಹೆಸರು ಕೇಳಿದೊಡನೆ ಅನೇಕರ ಮುಖ ಬಾಡುತ್ತದೆ. ಪಿ.ಯು.ಸಿ.ಯ ಕಾಲಕ್ಕೇ ಗಣಿತಕ್ಕೆ ನಮಸ್ಕಾರ ಹೇಳಿ ಬಂದವರಿಗೆ ಆರು ತಿಂಗಳಲ್ಲಿ ಅದನ್ನೆಲ್ಲ ತುಂಬಿಕೊಡುವೆವೆಂದರೆ ಆಗುವ ಮಾತಲ್ಲ; ಪಾಠದ ಅವಧಿಯನ್ನು ನಮ್ಮಲ್ಲಿ ಹಿಗ್ಗಿಸಬೇಕಾದ ಅಗತ್ಯ ಬಹಳವಾಗಿದೆ. ಆದರೆ ಆ ಶಾಸ್ತ್ರದ ಮರ್ಮ ಅಷ್ಟೇನೂ ದುರ್ಗಮವಲ್ಲವೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ.

ಒಂದು ತಾಲ್ಲೂಕಿನಲ್ಲಿ ಮೂವತ್ತು ವರ್ಷ ದಾಟಿದವರ ಪೈಕಿ ರಕ್ತದ ಒತ್ತಡ ಏರಿರುವವರು ಎಷ್ಟು ಮಂದಿ ಎಂದು ತಿಳಿಯಬೇಕಾಗಿದೆಯೆನ್ನಿ. ಎಲ್ಲರನ್ನೂ ಪರೀಕ್ಷಿಸುವುದು ಒಬ್ಬ ವಿದ್ಯಾರ್ಥಿಯಿಂದಾಗದು. ನೂರಕ್ಕೆ 20 ಮಂದಿ ಇರಬಹುದೆಂದು ಊಹಿಸಿ, ಆ ಉತ್ತರ ಐದರಷ್ಟು ಆಚೀಚೆ ಆದರೂ ಚಿಂತೆಯಿಲ್ಲವೆಂದು ಒಪ್ಪಿಕೊಂಡರೆ, 20ನ್ನು 80ರಿಂದ ಗುಣಿಸಿ, ಬಂದ 1600ನ್ನು ನಾಲ್ಕರಿಂದ ಗುಣಿಸಿ, ಐದರ ವರ್ಗವಾದ 25ರಿಂದ ಭಾಗಿಸಬೇಕು. 256 ಮಂದಿ ಸಾಕೆಂದು ಉತ್ತರ ಬರುತ್ತದೆ. ಆದರೆ ನಾವು ತಾಲ್ಲೂಕಿನ ಉದ್ದಕ್ಕೂ ಒಬ್ಬೊಬ್ಬರನ್ನು ಆರಿಸಲಾರೆವು, ಕೆಲವು ಹಳ್ಳಿಗಳನ್ನು ಆರಿಸಿ ಅಲ್ಲಿ ಹತ್ತಿಪ್ಪತ್ತು ಮಂದಿಯನ್ನು ನೋಡುತ್ತೇವೆ. ಒಂದೇ ಹಳ್ಳಿಯವರು ಒಂದೇ ನೀರನ್ನು ಕುಡಿದು ಒಂದೇ ಬಗೆಯ ಊಟವನ್ನು ಉಂಡು ಬೆಳೆದವರಾದ್ದರಿಂದ, ಅಲ್ಲಿನ ಹತ್ತನೆಯವನು ಹೇಳಿಕೊಡುವ ಹೊಸ ಸಂಗತಿ ಬೇರೆ ಹಳ್ಳಿಯ ಮೊದಲನೆಯವನು ಹೇಳಿಕೊಡುವುದಕ್ಕಿಂತ ಕಡಿಮೆ. ಆದುದರಿಂದ ಅನೇಕ ವೇಳೆ ಆ ಸಂಖ್ಯೆಯನ್ನು ಇಮ್ಮಡಿಸಿ 512 ಎಂದು ಹಿಡಿಯುತ್ತಾರೆ. ಐದರ ಬದಲು ಎರಡೂವರೆಯಷ್ಟೇ ಆಚೀಚೆ ಇರಲೆಂದು ಹಟ ಹಿಡಿದರೆ, ಮೊದಲಿನ 256 ಎಂಬುದು 512 ಆಗುವುದಿಲ್ಲ, 1024 ಆಗುತ್ತದೆ: ನಿಖರತೆಯನ್ನು ಇಮ್ಮಡಿ ಮಾಡಬೇಕಾದರೆ ಶ್ರಮವನ್ನು ನಾಲ್ಮಡಿ ಮಾಡಬೇಕು. ಇಷ್ಟನ್ನು ಮನದಟ್ಟು ಮಾಡಿಕೊಂಡ ವಿದ್ಯಾರ್ಥಿ, ತಾನು ನೋಡದೆ ಬಿಟ್ಟ ಸಾವಿರಾರು ಜನರ ವಿಷಯದಲ್ಲಿ ತಾನು ಎಷ್ಟರಮಟ್ಟಿಗೆ ಮಾತಾಡಬಲ್ಲೆನೆಂಬ ಎಚ್ಚರವನ್ನು ಪಡೆದಂತಾಯಿತು.

ಪಾಠ ಮುಗಿಯುವ ಹೊತ್ತಿಗೆ ಸಂಶೋಧನೆಯ ಯೋಜನೆಯನ್ನು, ಎಂದರೆ ಸಿನಾಪ್ಸಿಸನ್ನು, ಬರೆದು ಸಲಹಾ ಸಮಿತಿಯ ಮುಂದಿಡಬೇಕು. ಇಲ್ಲಿಯೇ ಹೆಚ್ಚು ಜನ ತಡವರಿಸುವುದು, ಮತ್ತು ಇಲ್ಲಿಯೇ ಹೆಚ್ಚು ಕಾಲವನ್ನು ಧಾರಾಳವಾಗಿ ವ್ಯಯಮಾಡಬೇಕಾದದ್ದು. ಒಳ್ಳೆಯ ಪ್ರಶ್ನೆಯೆಂದರೆ ಏನೆಂಬುದಕ್ಕೆ ದೂರದೇಶದ ದೃಷ್ಟಾಂತವನ್ನು ಹುಡುಕಬೇಕಾಗಿಲ್ಲ; ನಮ್ಮ ತುಮಕೂರು ಜಿಲ್ಲೆಯಲ್ಲಿ ನಡೆದ ಒಂದು ಸಂಶೋಧನೆ ಲೋಕಪ್ರಸಿದ್ಧವಾಗಿದೆ. ಅದು ಯಾರ ಡಾಕ್ಟರೇಟ್ ಪ್ರಬಂಧವೂ ಅಲ್ಲ. ಆದರೂ ಪ್ರತಿಯೊಬ್ಬ ಡಾಕ್ಟರೇಟ್ ವಿದ್ಯಾರ್ಥಿಯೂ ಅದನ್ನು ಓದಬೇಕೆಂದು ನಾನು ಒತ್ತಾಯಪಡಿಸುತ್ತೇನೆ.

ಕ್ಷಯರೋಗಕ್ಕೆ ಪರಿಣಾಮಕಾರಿಯಾದ ಔಷಧಗಳು ಬಂದಿದ್ದ ಕಾಲ ಅದು. ರೋಗಿಗಳನ್ನು ತಿಂಗಳುಗಟ್ಟಲೆ ಸ್ಯಾನಟೋರಿಯಮ್ಮಿನಲ್ಲಿ ಮಲಗಿಸಲೇಬೇಕೆ, ಮನೆಯಲ್ಲಿಟ್ಟುಕೊಂಡು ಔಷಧ ಕೊಟ್ಟರೆ ಸಾಲದೆ, ಎಂಬ ಪ್ರಶ್ನೆಯನ್ನು ಮದ್ರಾಸಿನ ಸಂಶೋಧಕರು ಕೈಗೆತ್ತಿಕೊಂಡು, ಮನೆಯ ಚಿಕಿತ್ಸೆಯೂ ಸ್ಯಾನಟೋರಿಯಮ್ಮಿನ ಚಿಕಿತ್ಸೆಗೆ ಸರಿದೊರೆಯೆಂದು 1959ರಲ್ಲಿ ತೋರಿಸಿಕೊಟ್ಟಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಔಷಧವೇನೋ ಇದೆ, ಮನೆಯಲ್ಲಿಯೇ ಕೊಡಲೂಬಹುದು. ಆದರೆ ಕೊಡುವುದು ಯಾರಿಗೆ, ರೋಗಿಗಳು ಎಲ್ಲಿದ್ದಾರೆ? ಹಳ್ಳಿಯ ಜನ ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ, ಅಜ್ಞಾನದಿಂದ ಸುಮ್ಮನಿರುತ್ತಾರೆ, ಆದುದರಿಂದ ಕ್ಷಕಿರಣದ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಅವರನ್ನು ಹುಡುಕಿ ತೆಗೆಯಬೇಕು ಎಂಬುದು ಅನೇಕ ಬಲ್ಲವರ ಭಾವನೆಯಾಗಿತ್ತು. ದೇಬಬರ್ ಬ್ಯಾನರ್ಜಿಯವರು, ಇವರೇ ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯದ ಕೇಂದ್ರವನ್ನು ಕಟ್ಟಿದವರು, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರು, ಈ ಭಾವನೆಯನ್ನೇ ಪರೀಕ್ಷೆಗೆ ಒಡ್ಡಿದರು. ಆಸ್ಪತ್ರೆಗೆ ಬಂದ ರೋಗಿಗಳನ್ನು ಕೇಳಿದ್ದರೆ ಅವರಿಗೆ ಉತ್ತರ ಸಿಕ್ಕುತ್ತಿರಲಿಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಕಿರಣದ ಸಮೀಕ್ಷೆ ನಡೆದಿತ್ತು. ಅದರಲ್ಲಿ ಎದೆಯ ಚಿತ್ರ ಶಂಕಾಸ್ಪದವಾಗಿ ಕಂಡವರನ್ನೂ, ಅವರಿಗೆ ಹೋಲುವ ವಯಸ್ಸಿನ, ಅದೇ ಲಿಂಗದ, ಆದರೆ ಚಿತ್ರದಲ್ಲಿ ದೋಷವಿಲ್ಲದ ಇತರರನ್ನೂ ಗುರುತಿಸಿ, ನಿಮಗೆ ಮೈಯಲ್ಲಿ ಏನೇನು ತೊಂದರೆಯಿದೆ, ಅದಕ್ಕಾಗಿ ಏನು ಮಾಡಿದಿರಿ, ಎಂದು ವಿಚಾರಿಸಿದರು.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಸಂಶೋಧನೆಯ ಫಲಿತಾಂಶ ಬಲ್ಲವರ ಭಾವನೆಯನ್ನು ತಲೆಕೆಳಗು ಮಾಡಿತು. ಕ್ಷಯ ತಗುಲಿದವರಲ್ಲಿ ಬಹುಪಾಲು ಜನಕ್ಕೆ ತಮ್ಮ ಕೆಮ್ಮಿನ, ಜ್ವರದ ಅರಿವಿತ್ತು. ಅನೇಕರು ಅದಕ್ಕಾಗಿ ಚಿಂತಿಸಿದ್ದರು. ಅರ್ಧದಷ್ಟು ಜನ ಚಿಕಿತ್ಸೆಯನ್ನು ಅರಸಿ ಆಸ್ಪತ್ರೆಯ ತನಕ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಶೀಶೆ. ಕಫವನ್ನು ಪರೀಕ್ಷಿಸಿದವರಿಲ್ಲ, ರೋಗವನ್ನು ಹೆಸರಿಸಿದವರಿಲ್ಲ. ಅಜ್ಞಾನವೆಂದು ನಾವು ಹಳ್ಳಿಯವರ ಮೇಲೆ ಹೊರಿಸಿದ್ದ ದೋಷ ನಮ್ಮ ಆಸ್ಪತ್ರೆಗಳದ್ದಾಗಿತ್ತು. ಆ ಪ್ರಕಟಣೆಗೂ ಮುನ್ನ 1962ರಲ್ಲಿಯೇ ಆರಂಭವಾಗಿದ್ದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ಅರಿವಿನ ಮೇಲೆ ನಿಂತು, ಸಾಮಾನ್ಯ ಆಸ್ಪತ್ರೆಗಳಿಗೆ ಕೆಮ್ಮೆಂದು ಬಂದವರ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವ ಏರ್ಪಾಡನ್ನು ಹಬ್ಬಿಸಿತು. ಎರಡು ವಾರಕ್ಕೆ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಮ್ಮ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಇಂದು ತಾವು ಓದುವ ಬರಹದ ಹಿಂದೆ ಇರುವುದು ಇದೇ ವಿವೇಕ. ಡಾಕ್ಟರೇಟ್ ವಿದ್ಯಾರ್ಥಿಗೆ ನಾನು ಹೇಳಬೇಕಾದದ್ದು ಇಷ್ಟು: ಎಲ್ಲರೂ ನಿಜವೆಂದು ಹೇಳುತ್ತಿರುವ, ಆದರೆ ಯಾರೂ ಹೋಗಿ ನೋಡಿರದ ಒಂದು ಮಾತು ನಿನ್ನ ತಾಲ್ಲೂಕಿನಲ್ಲಿಯೂ ಇರುತ್ತದೆ; ಅದನ್ನು ಹುಡುಕಿಕೊ.

ಯೋಜನೆ ಸಲಹಾ ಸಮಿತಿಯಲ್ಲಿ ಒಪ್ಪಿಗೆಯಾದ ಮೇಲೆ ನೀತಿ ಸಮಿತಿಯ ಮುಂದೆ ಹೋಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಆ ಸಮಿತಿಯಲ್ಲಿ ಏಳರಿಂದ ಹದಿನೈದು ಸದಸ್ಯರಿರಬೇಕು. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರೊಡನೆ ನ್ಯಾಯವನ್ನು ಬಲ್ಲವರೊಬ್ಬರು, ಸಮಾಜವಿಜ್ಞಾನಿಯೊಬ್ಬರು, ಶಾಸ್ತ್ರಗಳ ಗೊಡವೆಯಿಲ್ಲದ ಜನಸಾಮಾನ್ಯರೊಬ್ಬರು ಕುಳಿತಿರಬೇಕು. ಈ ಸಮಿತಿ ಕೇಳುವ ಕಾಗದಗಳ ಪೈಕಿ ಮುಖ್ಯವಾದದ್ದು ಸಮ್ಮತಿ ಪತ್ರ. ಸಂಶೋಧನೆ ಏತಕ್ಕೆ, ಎಷ್ಟು ಹೊತ್ತು ಹಿಡಿಯುತ್ತದೆ, ಅದರಿಂದ ಆಗಬಹುದಾದ ತೊಂದರೆ ಏನು, ಬೇಡವೆಂದು ಹೇಳುವ ಹಕ್ಕು ಇದೆಯೆಂಬುದು, ಇವೆಲ್ಲವನ್ನೂ ಜನರು ಆಡುವ ಭಾಷೆಯಲ್ಲಿ ಬರೆದಿರಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಈ ಸಂಶೋಧನೆಗೆ ಸಂಬಂಧಪಡದ ಒಬ್ಬ ಸಾಕ್ಷಿಯ ಎದುರಿಗೆ ಹೆಬ್ಬೆಟ್ಟಿನ ಗುರುತನ್ನು ಪಡೆಯತಕ್ಕದ್ದು. ಇದನ್ನು ಬರಿಯ ಕಾಗದದ ಉಪಚಾರವೆಂದು ಬಗೆದರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ನಾಡಿನಲ್ಲಿಯೇ ದೃಷ್ಟಾಂತವಿದೆ. ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಬಾಲಕಿಯರಿಗೆ ಹಾಕುವ ಯೋಜನೆಯೊಂದು ನಡೆದಾಗ, ವಿದ್ಯಾರ್ಥಿನಿಲಯಗಳಲ್ಲಿದ್ದ ಅನೇಕ ಬುಡಕಟ್ಟಿನ ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ನಿಲಯದ ಪಾಲಕರೇ ಸಹಿ ಹಾಕಿದ್ದರೆಂಬುದು ಹೊರಬಿದ್ದಿತು. 2010ರಲ್ಲಿ ಯೋಜನೆಯನ್ನೇ ನಿಲ್ಲಿಸಬೇಕಾಯಿತು, ಸಂಸತ್ತಿನ ಸಮಿತಿ ಅದನ್ನು ಉಗ್ರವಾಗಿ ಖಂಡಿಸಿತು. ಲಸಿಕೆಯಲ್ಲಿ ದೋಷವಿರಲಿಲ್ಲ, ಜಗತ್ತಿನ ಅನೇಕ ದೇಶಗಳಲ್ಲಿ ಅದು ಸ್ತ್ರೀಯರನ್ನು ಕಾಪಾಡುತ್ತಿದೆ. ದೂರದ ಹಾಡಿಯಲ್ಲಿದ್ದ ತಾಯಿಯನ್ನು ಕೇಳದೆ ಬಿಟ್ಟದ್ದೇ ದೋಷ. ಹಾಗೆ ಕೇಳದೆ ಬಿಟ್ಟದ್ದರಿಂದ ಒಳ್ಳೆಯ ಲಸಿಕೆಯ ಹೆಸರಿಗೇ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕಳಂಕ ಅಂಟಿಕೊಂಡಿತು.

ಇಷ್ಟಾದ ಮೇಲೆ ಕ್ಷೇತ್ರಕಾರ್ಯ. ಪುಸ್ತಕದಲ್ಲಿ ಒಂದೇ ವಾಕ್ಯದಲ್ಲಿ ಮುಗಿಯುವ ಈ ಕೆಲಸ ಬದುಕಿನಲ್ಲಿ ಒಂದೂವರೆ ಎರಡು ವರ್ಷವನ್ನು ನುಂಗುತ್ತದೆ. ವಯಸ್ಸನ್ನು ಕೇಳಿ ಬರೆದುಕೊಳ್ಳುವುದೇ ಎಷ್ಟು ಕಷ್ಟವೆಂದು ಹೊರಗಿನವರಿಗೆ ತಿಳಿಯದು. ಮೊದಲ ವಾರದ ನಮೂನೆಗಳನ್ನು ಹರಡಿ ವಯಸ್ಸಿನ ಅಂಕಣವನ್ನು ನೋಡಿದರೆ 40, 45, 50, 60 ಎಂಬ ಅಂಕಿಗಳೇ ಸಾಲಾಗಿ ನಿಂತಿರುತ್ತವೆ. 43 ಇಲ್ಲ, 57 ಇಲ್ಲ. ಹುಟ್ಟಿದ ತಾರೀಖನ್ನು ಯಾರೂ ಬರೆದಿಡದ ಕಾಲದಲ್ಲಿ ಹುಟ್ಟಿದವರು ಸೊನ್ನೆಗೋ ಐದಕ್ಕೋ ಮುಗಿಯುವ ಅಂಕಿಯನ್ನು ಅಂದಾಜಿನಿಂದ ಹೇಳುತ್ತಾರೆ. ಅದಕ್ಕಾಗಿ ಪ್ರಾಜ್ಞನಾದ ವಿದ್ಯಾರ್ಥಿ ಊರಿನ ಹಿರಿಯರನ್ನು ಕೂರಿಸಿಕೊಂಡು ಊರಿನ ಘಟನೆಗಳ ಪಂಚಾಂಗವೊಂದನ್ನು ಮೊದಲೇ ಸಿದ್ಧಮಾಡಿಕೊಳ್ಳುತ್ತಾನೆ: ಕೆರೆಯ ಏರಿ ಒಡೆದದ್ದು ಯಾವಾಗ, ಊರಿಗೆ ವಿದ್ಯುದ್ದೀಪ ಬಂದದ್ದು ಯಾವಾಗ, ಇಂದಿರಾ ಗಾಂಧಿಯವರು ತೀರಿಕೊಂಡಾಗ ನಿನಗೆ ಮದುವೆಯಾಗಿತ್ತೆ, ಎಷ್ಟು ಮಕ್ಕಳಿದ್ದವು, ಎಂದು ಕೇಳುತ್ತ ಕೇಳುತ್ತ ನಿಜವಾದ ವಯಸ್ಸಿನ ಸಮೀಪಕ್ಕೆ ಬರುತ್ತಾನೆ.

ಇದಕ್ಕಿಂತಲೂ ಕಠಿನವಾದದ್ದು ಬೀಗ ಹಾಕಿದ ಮನೆ. ಆರಿಸಿದ ಪಟ್ಟಿಯಲ್ಲಿ ಆ ಮನೆಯ ಸಂಖ್ಯೆಯಿದೆ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬಯಲುಸೀಮೆಯ ತಾಲ್ಲೂಕೊಂದರಲ್ಲಿ ರಕ್ತದೊತ್ತಡವನ್ನು ಕುರಿತು ಕೆಲಸಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಬೇಸಿಗೆಯ ಒಂದು ದಿನ ಬಹಳ ಬಳಲಿ ಬಂದು, ಬೀಗವಿದ್ದ ಮನೆಗಳ ಬದಲು ಅವುಗಳ ಪಕ್ಕದ ಮನೆಗಳನ್ನೇ ಸೇರಿಸಿಕೊಳ್ಳಲೇ, ಲೆಕ್ಕಕ್ಕೆ 512 ತುಂಬಿದರೆ ಸಾಕಲ್ಲವೆ, ಎಂದು ಕೇಳಿದಳು. ಸಾಲದು ಎಂದೆ. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಸಿಕ್ಕುವವರು ಮುದುಕರು, ಬಾಣಂತಿಯರು, ಕಾಯಿಲೆಯವರು. ಬೀಗ ಹಾಕಿ ಹೋದವರು ಕೂಲಿಗೆ ಹೋದವರು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೇ ಹೋದವರು. ಸಂಖ್ಯೆ ತುಂಬಿದರೂ ಜನ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ಆಕೆ ವಾದಿಸಲಿಲ್ಲ. ಆ ಮನೆಗಳ ಪಟ್ಟಿಯನ್ನು ಬೇರೆ ಮಾಡಿಟ್ಟುಕೊಂಡು, ಸಂಜೆಯ ಹೊತ್ತು ಹೋದಳು, ಭಾನುವಾರ ಹೋದಳು. ಉಳಿದವರಿಗಾಗಿ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದಾಗ, ಯುಗಾದಿಗೂ ಊರಮ್ಮನ ಜಾತ್ರೆಗೂ ಎಲ್ಲರೂ ಬಂದೇ ಬರುತ್ತಾರೆ ಎಂಬ ಉತ್ತರ ಸಿಕ್ಕಿತು. ಜಾತ್ರೆಯ ಹಿಂದಿನ ರಾತ್ರಿ ಬಸ್ಸುಗಳಿಂದ ಇಳಿದು ಬಂದ ಆ ಜನರನ್ನು ಮರುದಿನ ಅವರವರ ಜಗುಲಿಯಲ್ಲಿ ಕೂರಿಸಿ ಒತ್ತಡವನ್ನು ಅಳೆದಳು. ನಲವತ್ತು ತುಂಬದ ಗಾರೆ ಕೆಲಸದವರಲ್ಲಿ ಒತ್ತಡ ಏರಿದ್ದವರು ಇದ್ದರು. ಹಿಂದೆ ಯಾರೂ ಅವರ ತೋಳಿಗೆ ಪಟ್ಟಿ ಕಟ್ಟಿ ನೋಡಿರಲಿಲ್ಲ. ಆರೋಗ್ಯ ಕೇಂದ್ರ ತೆರೆದಿರುವ ಹೊತ್ತಿನಲ್ಲಿ ಊರಿನಲ್ಲಿರದ ಜನ ಅವರು. ಆಕೆಯ ಪ್ರಬಂಧದಲ್ಲಿ ಅತ್ಯಂತ ಬೆಲೆಯುಳ್ಳ ಅಧ್ಯಾಯ ಆ ಬೀಗದ ಮನೆಗಳಿಂದ ಹುಟ್ಟಿತು.

ಕ್ಷೇತ್ರದಲ್ಲಿ ವಿದ್ಯಾರ್ಥಿಗೆ ಎದುರಾಗುವ ಇನ್ನೊಂದು ಪ್ರಶ್ನೆಗೆ ಯಾವ ಕೋರ್ಸ್‌ವರ್ಕಿನಲ್ಲಿಯೂ ಸಿದ್ಧವಾದ ಉತ್ತರವಿಲ್ಲ. ಅರ್ಧ ಗಂಟೆ ಕುಳಿತು ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟ ಮುದುಕಿ, ಕಡೆಗೆ, ‘ಇಷ್ಟೆಲ್ಲಾ ಬರ್ಕೊಂಡು ಹೋಗ್ತೀಯಲ್ಲವ್ವಾ, ನನ್ನ ಮಂಡಿನೋವಿಗೆ ಏನಾದ್ರೂ ಕೊಟ್ಟು ಹೋಗ್ತೀಯಾ?’ ಎಂದು ಕೇಳುತ್ತಾಳೆ. ತಾನು ಸಂಶೋಧನೆಗೆ ಬಂದವಳು, ಚಿಕಿತ್ಸೆಗಲ್ಲ, ಎಂದು ಹೇಳಿ ಎದ್ದು ಬರುವುದು ಶಾಸ್ತ್ರದ ದೃಷ್ಟಿಯಿಂದ ಸರಿಯೆಂದು ತೋರಿದರೂ ಧರ್ಮದ ದೃಷ್ಟಿಯಿಂದ ಸಲ್ಲದು. ಕಂಡ ಕಾಯಿಲೆಗೆ ದಾರಿ ತೋರಿಸುವುದು ಸಂಶೋಧಕನ ಕರ್ತವ್ಯವೆಂದು ನೀತಿ ಸಮಿತಿಗಳೂ ಹೇಳುತ್ತವೆ. ಒತ್ತಡ ಅಪಾಯದ ಮಟ್ಟಕ್ಕೆ ಏರಿದ್ದವರನ್ನು ಅಂದೇ ವೈದ್ಯಾಧಿಕಾರಿಯ ಬಳಿಗೆ ಕಳುಹಿಸುವ ಏರ್ಪಾಡನ್ನು ಯೋಜನೆಯಲ್ಲಿಯೇ ಬರೆದಿರಬೇಕು. ಮಂಡಿನೋವು ಸಂಶೋಧನೆಯ ವಿಷಯವಲ್ಲದಿದ್ದರೂ, ಕೇಂದ್ರದಲ್ಲಿ ಯಾವ ದಿನ ಯಾರು ನೋಡುತ್ತಾರೆಂದು ವಿಚಾರಿಸಿ ತಿಳಿಸಿ ಒಂದು ಚೀಟಿ ಬರೆದು ಕೊಡುವಷ್ಟಾದರೂ ಆಗಬೇಡವೆ?

ಹೀಗೆ ಸಂಗ್ರಹಿಸಿದ ಸಾಮಗ್ರಿಯನ್ನು ವಿಶ್ಲೇಷಿಸಿ ಮಹಾಪ್ರಬಂಧವನ್ನು ಬರೆಯುವ ಕಾಲದುದ್ದಕ್ಕೂ ಪ್ರತಿ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಕೆಲಸದ ವರದಿಯನ್ನು ಒಪ್ಪಿಸಬೇಕು. ಹಿಂದೆ ಪ್ರಬಂಧವನ್ನು ಸಲ್ಲಿಸುವ ಮೊದಲು ಒಂದು ಲೇಖನವಾದರೂ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಗಿರಲೇಬೇಕೆಂದಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ತೆಗೆದುಹಾಕಿತು. ಇದು ಒಳ್ಳೆಯದೇ ಆಯಿತು. ಕಡ್ಡಾಯವೆಂಬ ಕಾರಣಕ್ಕೆ ಹಣ ಪಡೆದು ಏನನ್ನು ಬೇಕಾದರೂ ಅಚ್ಚುಮಾಡುವ ಪತ್ರಿಕೆಗಳು ಹೆಚ್ಚಿಕೊಂಡು, ಬಡ ವಿದ್ಯಾರ್ಥಿಗಳ ವೇತನ ಅವುಗಳ ಪಾಲಾಗುತ್ತಿತ್ತು. ಕಡ್ಡಾಯವಿಲ್ಲವೆಂದು ಪ್ರಕಟಿಸದೆ ಬಿಡುವುದೂ ಸರಿಯಲ್ಲ. ಜನರು ಕೊಟ್ಟ ಉತ್ತರಗಳು ಕಪಾಟಿನಲ್ಲಿ ಕೊಳೆಯಬಾರದು. ಪ್ರಬಂಧದಲ್ಲಿ ಪರರ ಬರಹವನ್ನು ತನ್ನದೆಂದು ತುಂಬಿಸಿದ್ದರೆ ಅದನ್ನು ಹಿಡಿಯುವ ತಂತ್ರಗಳು ಈಗ ಇವೆ. 2018ರ ನಿಯಮದಂತೆ ನೂರಕ್ಕೆ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60ಕ್ಕೆ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಪ್ರಬಂಧದ ಅಧ್ಯಾಯಗಳ ಪೈಕಿ ನಾನು ಪರೀಕ್ಷಕನಾಗಿ ಮೊದಲು ತೆರೆಯುವುದು ಇತಿಮಿತಿಗಳನ್ನು ಹೇಳುವ ಪುಟಗಳನ್ನು. ಎಷ್ಟು ಮಂದಿ ಒಪ್ಪಲಿಲ್ಲ, ಎಷ್ಟು ಮಂದಿ ಎಷ್ಟು ಸಲ ಹೋದರೂ ಸಿಕ್ಕಲಿಲ್ಲ, ಅವರು ಸಿಕ್ಕಿದ್ದರೆ ಉತ್ತರ ಯಾವ ಕಡೆಗೆ ವಾಲುತ್ತಿತ್ತು, ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದವರ ಉಳಿದ ಅಧ್ಯಾಯಗಳನ್ನು ನಾನು ನಂಬಿಕೆಯಿಂದ ಓದುತ್ತೇನೆ.

ಸಲ್ಲಿಸಿದ ಪ್ರಬಂಧವನ್ನು ಮಾರ್ಗದರ್ಶಕರೂ ಹೊರಗಿನ ಇಬ್ಬರು ಪರೀಕ್ಷಕರಾದರೂ ಓದಿ ಅಭಿಪ್ರಾಯ ಕೊಡತಕ್ಕದ್ದು. ಅವರು ಒಪ್ಪಿದ ಮೇಲೆ ವೈವಾ, ಎಂದರೆ ಮೌಖಿಕ ಪರೀಕ್ಷೆ. ಸಲ್ಲಿಕೆಯಿಂದ ಆರು ತಿಂಗಳೊಳಗಾಗಿ ಇದೆಲ್ಲವನ್ನೂ ಮುಗಿಸಬೇಕೆಂದು ವಿಧಿಯಿದೆ. ಕಡೆಗೆ ಪ್ರಬಂಧದ ಪ್ರತಿ ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರವನ್ನು ಸೇರುತ್ತದೆ. ಅಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು.

ಯಾರು ಬೇಕಾದರೂ ಎಂದೆನಷ್ಟೆ. ಆದರೆ ಆ ಪ್ರಬಂಧ ಇರುವುದು ಇಂಗ್ಲಿಷಿನಲ್ಲಿ, ಅದೂ ಮುನ್ನೂರು ಪುಟದಷ್ಟು. ಅದಕ್ಕೆ ಸಾಮಗ್ರಿಯನ್ನು ಒದಗಿಸಿದ ಹಳ್ಳಿಯ ಜನರೂ, ಮನೆಮನೆಗೆ ದಾರಿ ತೋರಿಸಿದ ಆಶಾ ಕಾರ್ಯಕರ್ತೆಯೂ ಅದನ್ನು ನೋಡುವ ಸಂಭವವಿಲ್ಲ. ಫಲಿತಾಂಶವನ್ನು ಜನರಿಗೆ ತಿಳಿಸಬೇಕೆಂಬ ಉಪದೇಶ ಮಾರ್ಗಸೂಚಿಗಳಲ್ಲಿ ಇದೆ. ಪದವಿಯನ್ನು ಕೊಡುವ ಮೊದಲು ಅದು ನೆರವೇರಿದೆಯೆ ಎಂದು ಕೇಳುವವರು ಮಾತ್ರ ಇಲ್ಲ. ಕೇಳಬೇಕೆಂಬುದು ನನ್ನ ಆಗ್ರಹ. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯತಕ್ಕದ್ದೆಂದು ನಿಯಮದಲ್ಲಿಯೇ ಇರುವುದರಿಂದ, ಅದರ ದಿನಾಂಕವನ್ನು ಇಲಾಖೆಯ ಸೂಚನಾಫಲಕದಲ್ಲಿ ಅಂಟಿಸಿದಂತೆಯೇ ಸಂಶೋಧನೆ ನಡೆದ ತಾಲ್ಲೂಕಿನ ಆರೋಗ್ಯ ಕೇಂದ್ರದಲ್ಲಿಯೂ ಅಂಟಿಸಬಹುದು. ಆರೋಗ್ಯ ಸಹಾಯಕಿಯರೂ ಪಂಚಾಯಿತಿಯ ಸದಸ್ಯರೂ ಬಂದು ಕುಳಿತು ಕೇಳಬಹುದು, ಅವರಿಗಾಗಿ ವಿದ್ಯಾರ್ಥಿ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಬಹುದು. ಪ್ರಬಂಧದ ಸಾರವನ್ನು ಕನ್ನಡದಲ್ಲಿ ಎಂಟು ಹತ್ತು ಪುಟಗಳಲ್ಲಿ ಬರೆದು ಅದೇ ಸಂಪುಟದ ಕೊನೆಗೆ ಸೇರಿಸಿ, ಅದರ ಪ್ರತಿಗಳನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ಆಯಾ ಗ್ರಾಮ ಪಂಚಾಯಿತಿಗೂ ಕಳುಹಿಸಿದ ರಸೀತಿಯನ್ನು ಪರೀಕ್ಷಕರ ಮುಂದಿಡಬಹುದು. ಪರೀಕ್ಷಕನಾಗಿ ಹೋದೆಡೆಯಲ್ಲೆಲ್ಲ ಈಚೆಗೆ ನಾನು ಆ ಪುಟಗಳನ್ನು ತೋರಿಸಿರೆಂದು ಕೇಳುತ್ತಿದ್ದೇನೆ. ಕೆಲವರು ಆಗಲೇ ಬರೆದು ತಂದಿರುತ್ತಾರೆ. ಈ ಭಾಷಣವನ್ನು ಕೇಳುತ್ತಿರುವ ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿಗಳಿಗೆ ಈಗಲೇ ಹೇಳಿಟ್ಟರೆ ಉಳಿದವರೂ ತರುತ್ತಾರೆ.